ಕನ್ನಡಕ ತೆಗೆಯುವ ಮುನ್ನ: ಲೇಸರ್ ಕಣ್ಣಿನ ಚಿಕಿತ್ಸೆಯ ಅಡ್ಡ ಪರಿಣಾಮಗಳು

ಕಣ್ಣಿನ ನಂಬರ್ ತೆಗೆಸುವ ಲೇಸರ್ ಚಿಕಿತ್ಸೆಯ ಬಗ್ಗೆ ವಿಚಾರಿಸುವವರು ಈಗ ಹೆಚ್ಚಾಗಿದ್ದಾರೆ. ಭಟ್ಕಳ, ಹೊನ್ನಾವರ, ಕುಮಟಾದ ನಮ್ಮ ಮನೆಗಳಲ್ಲಿ ಈ ಮಾತು ಬರುವುದು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ. ಒಂದು, ಮಗಳಿಗೆ ಸಂಬಂಧ ನೋಡುವಾಗ. ಇನ್ನೊಂದು, ಮಗ ದುಬೈಯಿಂದಲೋ ಜಿದ್ದಾದಿಂದಲೋ ಒಂದು ತಿಂಗಳ ರಜೆಯಲ್ಲಿ ಊರಿಗೆ ಬಂದಾಗ. "ಡಾಕ್ಟ್ರೇ, ಹತ್ತು ನಿಮಿಷದ ಕೆಲಸವಂತೆ, ನೋವಿಲ್ಲವಂತೆ, ಮರುದಿನವೇ ಕನ್ನಡಕ ಬೇಡವಂತೆ. ಮಾಡಿಸಿಬಿಡೋಣವಾ?" ಎಂದು ಕೇಳುತ್ತಾರೆ.

ಕೇಳಿದ್ದೆಲ್ಲ ಸುಳ್ಳಲ್ಲ. ಲೇಸರ್ ಕೆಲಸ ಮಾಡುವುದು ಕೆಲವೇ ನಿಮಿಷ. ಹೆಚ್ಚಿನವರಿಗೆ ಮರುದಿನವೇ ದೂರದ ಬೋರ್ಡ್ ಓದಲು ಬರುತ್ತದೆ. ಮಾಡಿಸಿಕೊಂಡವರಲ್ಲಿ ಹೆಚ್ಚಿನವರು ಸಂತೋಷವಾಗಿಯೇ ಇದ್ದಾರೆ. ಆದರೆ ಇದು ಅರ್ಧ ಮಾತು. ಉಳಿದ ಅರ್ಧವನ್ನು, ಅಂದರೆ ಏನು ತೊಂದರೆ ಬರಬಹುದು, ಯಾರಿಗೆ ಬರಬಹುದು, ತಪ್ಪಿಸುವುದು ಹೇಗೆ ಎಂಬುದನ್ನು, ದಿನಾಂಕ ಗೊತ್ತು ಮಾಡುವ ಮೊದಲೇ ತಿಳಿದಿರಬೇಕು. ಇದು ಜೀವ ಉಳಿಸುವ ತುರ್ತು ಶಸ್ತ್ರಚಿಕಿತ್ಸೆಯಲ್ಲ. ಕನ್ನಡಕ ಹಾಕಿದರೆ ಚೆನ್ನಾಗಿ ಕಾಣುವ, ಆರೋಗ್ಯವಂತ ಕಣ್ಣಿನ ಮೇಲೆ ನಾವಾಗಿ ಬಯಸಿ ಮಾಡಿಸಿಕೊಳ್ಳುವ ಚಿಕಿತ್ಸೆ. ಹಾಗಾಗಿ ಅವಸರಕ್ಕೆ ಇಲ್ಲಿ ಜಾಗವೇ ಇಲ್ಲ.

ನಾನು ಯುನಾನಿ ವೈದ್ಯ. ಲೇಸರ್ ಚಿಕಿತ್ಸೆ ಮಾಡುವವನಲ್ಲ. ಕಣ್ಣಿನ ತಜ್ಞರ ಬಳಿ ಹೋಗುವ ಮೊದಲು ಮನೆಯವರು ನನ್ನಂಥ ಕುಟುಂಬ ವೈದ್ಯರನ್ನು ಕೇಳುವುದು ನಮ್ಮ ಕಡೆಯ ರೂಢಿ. ಆ ಕಾರಣಕ್ಕೆ ಈ ಬರಹ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ದೊಡ್ಡವರ ಮೈನಸ್ ನಂಬರನ್ನು ಪೂರ್ತಿ ಇಳಿಸುವ ಸುರ್ಮಾ, ಮಾಜೂನ್, ಅರ್ಕ್, ಹನಿಮದ್ದು ಯಾವುದೂ ನಮ್ಮ ಪದ್ಧತಿಯಲ್ಲಿ ಇಲ್ಲ. ಇದೆ ಎಂದು ಮಾರುವವರನ್ನು ನಂಬಬೇಡಿ. ಕಣ್ಣಿನ ಆಕಾರದಿಂದ ಬಂದ ದೋಷ ಮದ್ದಿನಿಂದ ಹೋಗುವುದಿಲ್ಲ.

ಕಣ್ಣಿನ ಮುಂದಿನ ಗಾಜು

ಕಪ್ಪು ಗುಡ್ಡೆಯ ಮುಂದೆ, ಗಡಿಯಾರದ ಗಾಜಿನಂತೆ ಉಬ್ಬಿಕೊಂಡಿರುವ ಪಾರದರ್ಶಕ ಪದರಕ್ಕೆ ಕಾರ್ನಿಯಾ ಎನ್ನುತ್ತಾರೆ. ಯುನಾನಿ ಗ್ರಂಥಗಳಲ್ಲಿ ಇದರ ಹೆಸರು ತಬಖಾ ಖರ್ನಿಯ್ಯಾ. ಅರಬಿಯಲ್ಲಿ ಖರ್ನ್ ಎಂದರೆ ಕೊಂಬು. ತೆಳುವಾಗಿ ಸೀಳಿದ ಕೊಂಬಿನಂತೆ ಬೆಳಕು ಹಾಯುವ ಪದರ ಎಂದು ಅರ್ಥ. ಲ್ಯಾಟಿನ್ ಮೂಲದ ಕಾರ್ನಿಯಾ ಎಂಬ ಪದದ ಅರ್ಥವೂ ಇದೇ. 9ನೇ ಶತಮಾನದಲ್ಲಿ ಬಗ್ದಾದಿನ ಹುನೈನ್ ಇಬ್ನ್ ಇಸ್ಹಾಕ್ ಕಣ್ಣಿನ ಬಗ್ಗೆ ಬರೆದ ಹತ್ತು ಪ್ರಬಂಧಗಳಲ್ಲಿ ಕಣ್ಣಿನ ಪದರಗಳ ವಿವರಣೆ ಇದೆ.

ಕಣ್ಣಿಗೆ ಬಿದ್ದ ಬೆಳಕನ್ನು ಬಗ್ಗಿಸಿ ಒಳಗಿನ ಅಕ್ಷಿಪಟಲದ ಮೇಲೆ ಕೂಡಿಸುವ ಕೆಲಸದಲ್ಲಿ ಸುಮಾರು ಮೂರನೇ ಎರಡು ಪಾಲು ಈ ಕಾರ್ನಿಯಾದ್ದೇ. ಅದರ ದಪ್ಪ ನಡುವಿನಲ್ಲಿ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಸರಾಸರಿ 540 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಇಷ್ಟು ತೆಳುವಾದ ಪದರದ ಒಳಗೂ ಹಲವು ಪದರಗಳಿವೆ. 2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜಕುಮಾರ್ ತೀರಿಕೊಂಡಾಗ ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಕೊಟ್ಟರು ಎಂದು ಓದಿದ್ದು ನೆನಪಿರಬಹುದು. ಅದು ಸಾಧ್ಯವಾದದ್ದು ಪ್ರತಿ ಕಾರ್ನಿಯಾವನ್ನು ಮುಂದಿನ ಪದರ, ಹಿಂದಿನ ಪದರ ಎಂದು ಬಿಡಿಸಿದ್ದರಿಂದ. ಲೇಸರ್ ಚಿಕಿತ್ಸೆ ನಡೆಯುವುದು ಇದೇ ಕಾರ್ನಿಯಾದ ಮುಂಭಾಗದಲ್ಲಿ.

ಲೇಸರ್ ಏನು ಮಾಡುತ್ತದೆ?

ಮೈನಸ್ ನಂಬರ್ ಇರುವವರಲ್ಲಿ ಸಾಮಾನ್ಯವಾಗಿ ಕಣ್ಣುಗುಡ್ಡೆ ಸ್ವಲ್ಪ ಉದ್ದವಾಗಿರುತ್ತದೆ. ದೂರದ ಬಿಂಬ ಅಕ್ಷಿಪಟಲಕ್ಕಿಂತ ಮುಂದೆಯೇ ಕೂಡುತ್ತದೆ. ಕಾರ್ನಿಯಾದ ನಡುಭಾಗವನ್ನು ಸ್ವಲ್ಪ ಚಪ್ಪಟೆ ಮಾಡಿದರೆ ಬಿಂಬ ಹಿಂದೆ ಸರಿದು ಸರಿಯಾದ ಜಾಗದಲ್ಲಿ ಕೂಡುತ್ತದೆ. ಲೇಸರ್ ಮಾಡುವುದು ಇಷ್ಟೇ: ಕಾರ್ನಿಯಾದ ಅಂಶವನ್ನು ಲೆಕ್ಕ ಹಾಕಿ ತೆಗೆಯುತ್ತದೆ.

ಇದಕ್ಕೆ ಬಳಸುವ ಎಕ್ಸೈಮರ್ ಲೇಸರ್ ಸುತ್ತಲಿನ ಭಾಗವನ್ನು ಸುಡದೆ ಜೀವಕೋಶವನ್ನು ನಯವಾಗಿ ಕೆತ್ತಬಲ್ಲದು ಎಂದು 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ಕಂಡುಕೊಂಡವರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಒಬ್ಬರು. 1990ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು.

ಈಗ ಮುಖ್ಯವಾಗಿ ಮೂರು ವಿಧಾನಗಳಿವೆ.

ಲೇಸಿಕ್: ಕಾರ್ನಿಯಾದ ಮೇಲೆ ತೆಳುವಾದ ಮುಚ್ಚಳದಂಥ ಪದರವನ್ನು ಬಿಡಿಸಿ, ಪುಸ್ತಕದ ಪುಟದಂತೆ ಮಗುಚಿ, ಒಳಗೆ ಲೇಸರ್ ಹಾಯಿಸಿ, ಪದರವನ್ನು ಮತ್ತೆ ಮುಚ್ಚುತ್ತಾರೆ. ಹೊಲಿಗೆ ಇಲ್ಲ. ದೃಷ್ಟಿ ಬೇಗ ಬರುತ್ತದೆ, ನೋವು ಕಡಿಮೆ. ಈ ಪದರಕ್ಕೆ ಫ್ಲಾಪ್ ಎನ್ನುತ್ತಾರೆ.

ಪಿಆರ್‌ಕೆ: ಫ್ಲಾಪ್ ಮಾಡದೆ, ಮೇಲ್ಪದರವನ್ನು ಸವರಿ ತೆಗೆದು ಲೇಸರ್ ಹಾಯಿಸುತ್ತಾರೆ. ಮೇಲ್ಪದರ ಮತ್ತೆ ಬೆಳೆಯಲು ಮೂರರಿಂದ ಐದು ದಿನ ಬೇಕು. ಆ ದಿನಗಳಲ್ಲಿ ನೋವು, ನೀರು ಸುರಿಯುವುದು ಹೆಚ್ಚು. ದೃಷ್ಟಿ ತಿಳಿಯಾಗಲು ವಾರಗಳು ಬೇಕು. ಆದರೆ ಫ್ಲಾಪ್ ಸರಿಯುವ ಭಯ ಇಲ್ಲ.

ಸ್ಮೈಲ್: ಸಣ್ಣ ಸೀಳಿನ ಮೂಲಕ ಒಳಗಿನ ತೆಳು ಬಿಲ್ಲೆಯೊಂದನ್ನು ಹೊರತೆಗೆಯುತ್ತಾರೆ. ಇದರಲ್ಲೂ ಫ್ಲಾಪ್ ಇಲ್ಲ. ಆರಂಭದ ತಿಂಗಳುಗಳಲ್ಲಿ ಕಣ್ಣು ಒಣಗುವ ತೊಂದರೆ ಲೇಸಿಕ್‌ಗಿಂತ ಕಡಿಮೆ.

ಯಾವುದೇ ವಿಧಾನವಾದರೂ ಒಂದು ಮಾತು ನೆನಪಿರಲಿ. ತೆಗೆದ ಅಂಶವನ್ನು ಮತ್ತೆ ಸೇರಿಸಲು ಬರುವುದಿಲ್ಲ. ಕನ್ನಡಕ ಸರಿಹೋಗದಿದ್ದರೆ ಬದಲಾಯಿಸಬಹುದು. ಕಾರ್ನಿಯಾವನ್ನು ಹಾಗೆ ಬದಲಾಯಿಸಲಾಗದು.

ಎಲ್ಲಕ್ಕಿಂತ ಸಾಮಾನ್ಯ ತೊಂದರೆ: ಕಣ್ಣು ಒಣಗುವುದು

ಕಾರ್ನಿಯಾದಲ್ಲಿ ಬಹಳ ಸೂಕ್ಷ್ಮವಾದ ನರಗಳ ಬಲೆ ಇದೆ. ಕಣ್ಣು ಒಣಗಿತು ಎಂದು ಗ್ರಹಿಸಿ ಕಣ್ಣೀರಿನ ಗ್ರಂಥಿಗೆ ಸುದ್ದಿ ಮುಟ್ಟಿಸುವುದು ಈ ನರಗಳೇ. ಶಸ್ತ್ರಚಿಕಿತ್ಸೆಯಲ್ಲಿ ಇವು ಕತ್ತರಿಸಿಹೋಗುತ್ತವೆ. ಸುದ್ದಿ ಮುಟ್ಟದಿದ್ದಾಗ ಕಣ್ಣೀರು ಕಡಿಮೆಯಾಗುತ್ತದೆ, ರೆಪ್ಪೆ ಬಡಿಯುವುದೂ ಕಡಿಮೆಯಾಗುತ್ತದೆ. ಕಣ್ಣಿನಲ್ಲಿ ಮರಳು ಹೊಕ್ಕಂತೆ ಚುಚ್ಚುವುದು, ಉರಿ, ಕೆಂಪಾಗುವುದು, ಓದುತ್ತಾ ಓದುತ್ತಾ ಅಕ್ಷರ ಮಸುಕಾಗಿ ರೆಪ್ಪೆ ಬಡಿದ ಮೇಲೆ ಸರಿಯಾಗುವುದು ಇದರ ಲಕ್ಷಣಗಳು. ಕೆಲವರಿಗೆ ಕಣ್ಣು ಒಣಗಿದ್ದರೂ ನೀರು ಸುರಿಯುತ್ತದೆ. ಅದೂ ಒಣಗುವಿಕೆಯ ಲಕ್ಷಣವೇ.

ನರಗಳು ಮತ್ತೆ ಬೆಳೆಯಲು ಆರು ತಿಂಗಳಿಂದ ಒಂದು ವರ್ಷ ಬೇಕಾಗಬಹುದು. ಹೆಚ್ಚಿನವರಿಗೆ ಅಷ್ಟರಲ್ಲಿ ತೊಂದರೆ ಇಳಿಯುತ್ತದೆ. ಅಲ್ಲಿಯವರೆಗೆ ಕೃತಕ ಕಣ್ಣೀರಿನ ಹನಿ ಹಾಕಿಕೊಳ್ಳಬೇಕು. ಕೆಲವರಿಗೆ ಇದು ವರ್ಷ ಕಳೆದರೂ ಉಳಿಯುತ್ತದೆ. ಬಹಳ ಅಪರೂಪಕ್ಕೆ, ಕತ್ತರಿಸಿದ ನರಗಳು ಸರಿಯಾಗಿ ಬೆಳೆಯದೆ, ನೋಡಲು ಕಣ್ಣು ಚೆನ್ನಾಗಿಯೇ ಇದ್ದರೂ ದೀರ್ಘಕಾಲ ನೋವು ಕಾಡುವುದುಂಟು. ಇಂಥವರಿಗೆ "ಕಣ್ಣಲ್ಲಿ ಏನೂ ಇಲ್ಲ, ಮನಸ್ಸಿನ ಭ್ರಮೆ" ಎಂದು ಮನೆಯವರು ಹೇಳಬಾರದು. ಅದು ನರದ ನೋವು, ಅದಕ್ಕೂ ಚಿಕಿತ್ಸೆ ಇದೆ.

ಈ ವಿಷಯ ನಮ್ಮವರಿಗೆ ಇನ್ನೂ ಮುಖ್ಯ. ಗಲ್ಫಿನಲ್ಲಿ ಮನೆ, ಕಾರು, ಆಫೀಸು ಎಲ್ಲ ಕಡೆ ಎಸಿ. ಹೊರಗೆ ಒಣಗಾಳಿ, ಧೂಳು. ದಿನಕ್ಕೆ ಎಂಟು ಹತ್ತು ಗಂಟೆ ಕಂಪ್ಯೂಟರ್ ಮುಂದೆ ಕೆಲಸ. ಇವೆಲ್ಲ ಕಣ್ಣನ್ನು ಒಣಗಿಸುವಂಥವೇ. ಊರಿನಲ್ಲಿರುವವರಿಗೆ ಹೆದ್ದಾರಿಯ ಧೂಳು, ಬೈಕಿನ ಮೇಲೆ ಮುಖಕ್ಕೆ ಬಡಿಯುವ ಗಾಳಿ, ಒಲೆಯ ಹೊಗೆ. ಈಗಾಗಲೇ ಕಣ್ಣು ಉರಿಯುವವರು, ಲೆನ್ಸ್ ಹಾಕಿದರೆ ಒಂದೆರಡು ಗಂಟೆಯಲ್ಲೇ ತೆಗೆಯಬೇಕು ಅನಿಸುವವರು ಈ ಮಾತನ್ನು ತಜ್ಞರಿಗೆ ಮೊದಲೇ ಹೇಳಬೇಕು. "ಲೆನ್ಸ್ ಒಗ್ಗುವುದಿಲ್ಲ, ಅದಕ್ಕೇ ಲೇಸರ್" ಎಂದು ಹಲವರು ಬರುತ್ತಾರೆ. ಲೆನ್ಸ್ ಒಗ್ಗದಿರಲು ಕಣ್ಣು ಒಣಗಿರುವುದೇ ಕಾರಣವಾಗಿದ್ದರೆ ಲೇಸರ್ ನಂತರ ಅದು ಹೆಚ್ಚಾಗುತ್ತದೆ. ಮೊದಲು ಒಣಗುವಿಕೆಗೆ ಚಿಕಿತ್ಸೆ, ಆಮೇಲೆ ಲೇಸರಿನ ವಿಚಾರ.

ರಾತ್ರಿ ದೀಪದ ಸುತ್ತ ಬಳೆ

ಎರಡನೆಯ ಸಾಮಾನ್ಯ ತೊಂದರೆ ರಾತ್ರಿಯದು. ದೀಪದ ಸುತ್ತ ಬಳೆಯಂತೆ ಕಾಣುವುದು, ಬೆಳಕು ಕಿರಣ ಕಿರಣವಾಗಿ ಒಡೆಯುವುದು, ಎದುರಿನ ಲಾರಿಯ ಹೆಡ್‌ಲೈಟ್ ಕಣ್ಣು ಕುಕ್ಕುವುದು, ಒಂದು ಅಕ್ಷರದ ಪಕ್ಕದಲ್ಲಿ ಅದರದೇ ನೆರಳು ಕಾಣುವುದು. ಕತ್ತಲಲ್ಲಿ ಕಣ್ಣಿನ ಪಾಪೆ ಅಗಲವಾಗುತ್ತದೆ. ಲೇಸರ್ ಹಾಯಿಸಿದ ಜಾಗ ಮತ್ತು ಹಾಯಿಸದ ಜಾಗದ ಅಂಚಿನಿಂದಲೂ ಆಗ ಬೆಳಕು ಒಳಗೆ ಬರುತ್ತದೆ. ಬಳೆ ಕಾಣಲು ಅದೊಂದು ಕಾರಣ. ಹೆಚ್ಚು ನಂಬರ್ ಇದ್ದವರಲ್ಲಿ ಇದರ ಸಾಧ್ಯತೆ ಹೆಚ್ಚು.

ಇದು ಎಷ್ಟು ಜನರಿಗೆ ಬರುತ್ತದೆ? ಎಫ್‌ಡಿಎ ಮತ್ತು ಅಮೆರಿಕದ ರಕ್ಷಣಾ ಇಲಾಖೆ ಸೇರಿ ನೌಕಾಪಡೆಯ 262 ಮಂದಿ ಮತ್ತು 312 ನಾಗರಿಕರ ಮೇಲೆ ನಡೆಸಿದ ಅಧ್ಯಯನದಲ್ಲಿ ವೈದ್ಯರನ್ನು ಕೇಳುವ ಬದಲು ರೋಗಿಗಳನ್ನೇ ನೇರವಾಗಿ ಪ್ರಶ್ನಿಸಿದರು. ಮೊದಲು ಇಂಥ ಯಾವ ಲಕ್ಷಣವೂ ಇಲ್ಲದವರಲ್ಲಿ 100ಕ್ಕೆ 46ರವರೆಗೆ, ಲೇಸಿಕ್ ಆದ ಮೂರು ತಿಂಗಳಿಗೆ ಬಳೆ, ಕುಕ್ಕುವ ಬೆಳಕು, ನೆರಳು ಇವುಗಳಲ್ಲಿ ಯಾವುದಾದರೂ ಒಂದು ಕಾಣುತ್ತಿದೆ ಎಂದರು. ಮೊದಲು ಕಣ್ಣು ಒಣಗದವರಲ್ಲಿ 100ಕ್ಕೆ 30ರವರೆಗೆ ಒಣಗುವ ಲಕ್ಷಣ ಹೇಳಿದರು. ಅದೇ ಅಧ್ಯಯನದಲ್ಲಿ 100ಕ್ಕೆ 95ಕ್ಕಿಂತ ಹೆಚ್ಚು ಮಂದಿ ತಮ್ಮ ದೃಷ್ಟಿಯ ಬಗ್ಗೆ ತೃಪ್ತಿ ಇದೆ ಎಂದೂ ಹೇಳಿದರು. ಈ ಲಕ್ಷಣಗಳಿಂದ ದಿನನಿತ್ಯದ ಕೆಲಸಕ್ಕೇ ಬಹಳ ಕಷ್ಟವಾಯಿತು ಎಂದವರು 100ಕ್ಕೆ ಒಬ್ಬರಿಗಿಂತ ಕಡಿಮೆ.

ಈ ಅಂಕಿಗಳನ್ನು ಒಟ್ಟಿಗೆ ಓದಬೇಕು. ಮೊದಲ ಎರಡನ್ನು ಮಾತ್ರ ಓದಿದರೆ ಹೆದರಿಕೆಯಾಗುತ್ತದೆ, ಕೊನೆಯ ಎರಡನ್ನು ಮಾತ್ರ ಓದಿದರೆ ಏನೂ ಆಗುವುದಿಲ್ಲ ಅನಿಸುತ್ತದೆ. ಹೆಚ್ಚಿನವರಿಗೆ ಏನಾದರೊಂದು ಸಣ್ಣ ಕಿರಿಕಿರಿ ಇರುತ್ತದೆ, ಅವರು ಅದಕ್ಕೆ ಹೊಂದಿಕೊಳ್ಳುತ್ತಾರೆ. ಕೆಲವೇ ಕೆಲವರಿಗೆ ಅದು ದೊಡ್ಡ ಕಷ್ಟವಾಗುತ್ತದೆ. ರಾತ್ರಿ ಲಾರಿ, ಟ್ಯಾಕ್ಸಿ ಓಡಿಸುವವರು, ರಾತ್ರಿ ದೋಣಿಯಲ್ಲಿ ಹೋಗುವವರು ತಮ್ಮ ಕೆಲಸ ಏನೆಂದು ತಜ್ಞರಿಗೆ ಹೇಳಿ, ಈ ಬಗ್ಗೆ ಬಿಡಿಸಿ ಕೇಳಬೇಕು.

ಅಪರೂಪ, ಆದರೆ ಗಂಭೀರ

ಸೋಂಕು: ಬಹಳ ಕಡಿಮೆ. ಬಂದರೆ ಕಾರ್ನಿಯಾದಲ್ಲಿ ಕಲೆ ಉಳಿಯಬಹುದು.

ಫ್ಲಾಪ್ ಸರಿಯುವುದು, ಸುಕ್ಕಾಗುವುದು: ಹೆಚ್ಚಾಗಿ ಮೊದಲ ದಿನಗಳಲ್ಲಿ, ಕಣ್ಣು ಉಜ್ಜಿದ್ದರಿಂದ. ಆದರೆ ಫ್ಲಾಪ್ ಮೊದಲಿನಷ್ಟು ಗಟ್ಟಿಯಾಗಿ ಎಂದೂ ಕೂಡುವುದಿಲ್ಲ. ವರ್ಷಗಳ ನಂತರವೂ ಕಣ್ಣಿಗೆ ಪೆಟ್ಟು ಬಿದ್ದು ಸರಿದ ಉದಾಹರಣೆಗಳಿವೆ. ಕಬಡ್ಡಿ, ಕರಾಟೆ ಆಡುವವರು ಇದನ್ನು ತಿಳಿಸಬೇಕು.

ಉರಿಯೂತ: ಮೊದಲ ವಾರದಲ್ಲಿ ಫ್ಲಾಪಿನ ಅಡಿಯಲ್ಲಿ ಮರಳಿನಂಥ ಉರಿಯೂತ ಬರಬಹುದು. ಬೇಗ ಕಂಡುಹಿಡಿದರೆ ಹನಿಮದ್ದಿನಲ್ಲೇ ಹೋಗುತ್ತದೆ. ಮರುದಿನದ ಮತ್ತು ಮೊದಲ ವಾರದ ತಪಾಸಣೆ ತಪ್ಪಿಸಬಾರದು ಎನ್ನುವುದು ಇದಕ್ಕೇ.

ನಂಬರ್ ಉಳಿಯುವುದು ಅಥವಾ ಮರಳುವುದು: ಕೆಲವರಿಗೆ ಸ್ವಲ್ಪ ನಂಬರ್ ಉಳಿಯುತ್ತದೆ, ಕೆಲವರಿಗೆ ವರ್ಷಗಳ ನಂತರ ಸ್ವಲ್ಪ ಮರಳುತ್ತದೆ. ಮತ್ತೊಮ್ಮೆ ಲೇಸರ್ ಮಾಡಬಹುದೇ ಎಂಬುದು ಉಳಿದ ಕಾರ್ನಿಯಾದ ದಪ್ಪವನ್ನು ಅವಲಂಬಿಸಿದೆ.

ಎಕ್ಟೇಸಿಯಾ: ಎಲ್ಲಕ್ಕಿಂತ ಹೆದರಬೇಕಾದದ್ದು ಇದು. ತೆಳುವಾದ ಅಥವಾ ಮೊದಲೇ ದುರ್ಬಲವಾದ ಕಾರ್ನಿಯಾ, ಲೇಸರ್ ನಂತರ ಕಣ್ಣಿನ ಒಳಗಿನ ಒತ್ತಡ ತಾಳದೆ ಮುಂದಕ್ಕೆ ಉಬ್ಬುತ್ತಾ ಹೋಗುತ್ತದೆ. ತಿಂಗಳುಗಳ ಅಥವಾ ವರ್ಷಗಳ ನಂತರ ದೃಷ್ಟಿ ಮತ್ತೆ ಮಸುಕಾಗುತ್ತದೆ, ಕನ್ನಡಕದಿಂದಲೂ ಪೂರ್ತಿ ಸರಿಯಾಗುವುದಿಲ್ಲ. ಆಗ ವಿಟಮಿನ್ ಬಿ2 ಹನಿ ಮತ್ತು ಅಲ್ಟ್ರಾವಯಲೆಟ್ ಬೆಳಕಿನಿಂದ ಕಾರ್ನಿಯಾವನ್ನು ಗಟ್ಟಿ ಮಾಡುವ ಕ್ರಾಸ್‌ಲಿಂಕಿಂಗ್, ವಿಶೇಷ ಗಟ್ಟಿ ಲೆನ್ಸ್, ಕೊನೆಗೆ ಕಾರ್ನಿಯಾ ಕಸಿ ಬೇಕಾಗಬಹುದು.

ತಪಾಸಣೆಯ ಲೆಕ್ಕ

ಸಂತೋಷದ ಮಾತೆಂದರೆ, ಎಕ್ಟೇಸಿಯಾ ಬರುವ ಸಂಭವ ಇರುವವರಲ್ಲಿ ಹೆಚ್ಚಿನವರನ್ನು ಮೊದಲೇ ಗುರುತಿಸಬಹುದು. ಕಾರ್ನಿಯಾದ ಉಬ್ಬುತಗ್ಗುಗಳ ನಕ್ಷೆ ತೆಗೆಯುವ ಯಂತ್ರಗಳಿವೆ. ಈ ತಪಾಸಣೆಗೆ ಟೊಪೊಗ್ರಫಿ, ಟೊಮೊಗ್ರಫಿ ಎನ್ನುತ್ತಾರೆ. ಪೆಂಟಾಕ್ಯಾಮ್ ಎಂಬ ಹೆಸರನ್ನೂ ಕೇಳಿರಬಹುದು. ಕಣ್ಣು ಮುಟ್ಟದೆ, ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ.

ಲೆಕ್ಕ ಹೇಗೆಂದು ಎರಡು ಉದಾಹರಣೆ ನೋಡೋಣ. ಒಂದು ನಂಬರ್ ಇಳಿಸಲು ಅಂದಾಜು 15 ಮೈಕ್ರಾನ್ ತೆಗೆಯಬೇಕು ಎಂದಿಟ್ಟುಕೊಳ್ಳಿ. ಫ್ಲಾಪಿನ ದಪ್ಪ 110 ಮೈಕ್ರಾನ್.

ಮೊದಲನೆಯವರ ಕಾರ್ನಿಯಾ 540 ಮೈಕ್ರಾನ್, ನಂಬರ್ ಮೈನಸ್ 4. ಫ್ಲಾಪಿಗೆ 110, ಲೇಸರಿಗೆ 60. ಅಡಿಯಲ್ಲಿ ಉಳಿಯುವುದು 370 ಮೈಕ್ರಾನ್.

ಎರಡನೆಯವರ ಕಾರ್ನಿಯಾ 480 ಮೈಕ್ರಾನ್, ನಂಬರ್ ಮೈನಸ್ 8. ಫ್ಲಾಪಿಗೆ 110, ಲೇಸರಿಗೆ 120. ಉಳಿಯುವುದು 250 ಮೈಕ್ರಾನ್ ಮಾತ್ರ.

ಅಡಿಯಲ್ಲಿ 250 ಮೈಕ್ರಾನಿಗಿಂತ ಕಡಿಮೆ ಉಳಿಯಬಾರದು ಎಂಬುದು ಹಳೆಯ ನಿಯಮ. ಹಲವು ತಜ್ಞರು ಈಗ 300 ಉಳಿಯಲಿ ಎನ್ನುತ್ತಾರೆ. ಫ್ಲಾಪ್ ಮತ್ತು ಲೇಸರ್ ಎರಡೂ ಸೇರಿ ಕಾರ್ನಿಯಾದ 100ಕ್ಕೆ 40 ಪಾಲು ದಾಟಿದರೆ ಅಪಾಯ ಹೆಚ್ಚು ಎಂದೂ ಕಂಡುಬಂದಿದೆ. ಎರಡನೆಯವರಲ್ಲಿ ಅದು 48 ಆಗುತ್ತದೆ. ಅವರಿಗೆ ಲೇಸಿಕ್ ಬೇಡ ಎನ್ನುವ ತಜ್ಞರೇ ಒಳ್ಳೆಯ ತಜ್ಞರು. ಇಂಥವರಿಗೆ ಕಾರ್ನಿಯಾ ತೆಳುವಾಗಿಸದೆ ಕಣ್ಣಿನ ಒಳಗೆ ಲೆನ್ಸ್ ಕೂಡಿಸುವ ಐಸಿಎಲ್ ಎಂಬ ದಾರಿ ಇದೆ. ಅದರ ಲಾಭ ನಷ್ಟ ಬೇರೆ. ಕನ್ನಡಕವಂತೂ ಇದ್ದೇ ಇದೆ.

ದಪ್ಪ ಒಂದೇ ಸಾಲದು, ಆಕಾರವೂ ಸರಿಯಿರಬೇಕು. ಕೆಲವರಲ್ಲಿ ಹರೆಯದಲ್ಲೇ ಕಾರ್ನಿಯಾ ತಾನಾಗಿ ತೆಳುವಾಗಿ ಶಂಕುವಿನಂತೆ ಚೂಪಾಗುತ್ತದೆ. ಇದಕ್ಕೆ ಕೆರಟೋಕೋನಸ್ ಎನ್ನುತ್ತಾರೆ. ಇದಿದ್ದವರಿಗೆ ಲೇಸಿಕ್ ಮಾಡಲೇಬಾರದು. ಸೌದಿಯ ರಿಯಾದಿನಲ್ಲಿ ಮಕ್ಕಳು ಮತ್ತು ಹದಿಹರೆಯದವರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 100ಕ್ಕೆ ಸುಮಾರು 5 ಮಂದಿಯಲ್ಲಿ ಇದು ಕಂಡುಬಂತು. ಕಣ್ಣನ್ನು ಬಲವಾಗಿ ಉಜ್ಜುವ ಅಭ್ಯಾಸ, ಅಲರ್ಜಿ, ಮನೆತನದಲ್ಲಿ ಇದ್ದಿರುವುದು ಕಾರಣಗಳ ಪಟ್ಟಿಯಲ್ಲಿವೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಹೆಚ್ಚು ಎಂದೂ ಕೆಲವು ಅಧ್ಯಯನಗಳು ಹೇಳುತ್ತವೆ. ಚಿಕ್ಕಪ್ಪ, ಮಾವನ ಮಕ್ಕಳ ನಡುವೆ ಸಂಬಂಧ ಬೆಳೆಸುವ ನಮ್ಮ ಮನೆತನಗಳಲ್ಲಿ ಇದನ್ನು ನೆನಪಿಡಬೇಕು. ಅಣ್ಣನಿಗೋ ಅಕ್ಕನಿಗೋ ಕೆರಟೋಕೋನಸ್ ಇದ್ದರೆ ತಜ್ಞರಿಗೆ ಮುಚ್ಚಿಡದೆ ಹೇಳಿ. ವರ್ಷ ವರ್ಷ ಸಿಲಿಂಡರ್ ನಂಬರ್ ಏರುತ್ತಿರುವ ಮಕ್ಕಳಿಗೆ ಈ ನಕ್ಷೆ ತೆಗೆಸುವುದು ಒಳ್ಳೆಯದು.

ತಪಾಸಣೆಗೆ ಹೋಗುವ ಮೊದಲು ಲೆನ್ಸ್ ಹಾಕುವುದನ್ನು ನಿಲ್ಲಿಸಬೇಕು. ಮೆತ್ತಗಿನ ಲೆನ್ಸಾದರೆ ಒಂದೆರಡು ವಾರ, ಗಟ್ಟಿ ಲೆನ್ಸಾದರೆ ಇನ್ನೂ ಹೆಚ್ಚು. ಲೆನ್ಸ್ ಕಾರ್ನಿಯಾದ ಆಕಾರವನ್ನು ಒತ್ತಿ ಬದಲಿಸಿರುತ್ತದೆ. ಅದರ ಮೇಲೆ ಅಳತೆ ತೆಗೆದರೆ ಲೆಕ್ಕವೇ ತಪ್ಪಾಗುತ್ತದೆ.

ಯಾರಿಗೆ ಬೇಡ, ಯಾರು ಕಾಯಬೇಕು?

18 ವರ್ಷ ತುಂಬದವರು, ಕಳೆದ ಒಂದು ವರ್ಷದಲ್ಲಿ ನಂಬರ್ ಬದಲಾದವರು ಕಾಯಬೇಕು. ನಂಬರ್ ಏರುತ್ತಿರುವಾಗ ಲೇಸರ್ ಮಾಡಿಸಿದರೆ ಅದು ಮುಂದೆಯೂ ಏರುತ್ತದೆ, ಮತ್ತೆ ಕನ್ನಡಕ ಬರುತ್ತದೆ.

ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಕಾಯಬೇಕು. ಹಾರ್ಮೋನಿನ ಬದಲಾವಣೆಯಿಂದ ಈ ಕಾಲದಲ್ಲಿ ನಂಬರ್ ಮತ್ತು ಕಣ್ಣೀರು ಎರಡೂ ಏರುಪೇರಾಗುತ್ತವೆ.

ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ರುಮಟಾಯ್ಡ್ ಸಂಧಿವಾತ, ಲೂಪಸ್‌ನಂಥ ರೋಗವಿರುವವರು, ಹಿಂದೆ ಕಣ್ಣಿಗೆ ಸರ್ಪಸುತ್ತು ಅಥವಾ ಹರ್ಪಿಸ್ ಬಂದವರು ಮೊದಲೇ ತಿಳಿಸಬೇಕು. ಮೊಡವೆಗೆ ಐಸೊಟ್ರೆಟಿನೋಯಿನ್ ಗುಳಿಗೆ ತಿನ್ನುತ್ತಿರುವ ಹುಡುಗ ಹುಡುಗಿಯರೂ ಹೇಳಬೇಕು, ಅದು ಕಣ್ಣನ್ನು ಬಹಳ ಒಣಗಿಸುತ್ತದೆ. ನಮ್ಮಲ್ಲಿ ಕೊಟ್ಟ ಯುನಾನಿ, ಆಯುರ್ವೇದ ಮದ್ದುಗಳ ಹೆಸರನ್ನೂ ತಜ್ಞರ ಮುಂದೆ ಹೇಳಿ, ಸಂಕೋಚ ಬೇಡ.

ನಲವತ್ತು ಸಮೀಪಿಸಿದವರು ಇನ್ನೊಂದು ಮಾತು ತಿಳಿದಿರಬೇಕು. ನಲವತ್ತರ ನಂತರ ಎಲ್ಲರಿಗೂ ಹತ್ತಿರದ ಅಕ್ಷರ ಮಸುಕಾಗುತ್ತದೆ. ಆದರೆ ಮೈನಸ್ 2 ಅಥವಾ 3 ಇರುವವರು ಕನ್ನಡಕ ತೆಗೆದು ಬರಿಗಣ್ಣಿನಲ್ಲಿ ಮುಸ್‌ಹಫ್ ಓದುತ್ತಾರೆ, ಸೂಜಿಗೆ ದಾರ ಪೋಣಿಸುತ್ತಾರೆ. ಎರಡೂ ಕಣ್ಣಿನ ಮೈನಸ್ ಪೂರ್ತಿ ತೆಗೆಸಿದರೆ ಈ ಅನುಕೂಲ ಹೋಗುತ್ತದೆ. ದೂರಕ್ಕೆ ಕನ್ನಡಕ ಬೇಡವಾಗುತ್ತದೆ, ಓದಲು ಬೇಕಾಗುತ್ತದೆ. ಇದು ಚಿಕಿತ್ಸೆಯ ತಪ್ಪಲ್ಲ, ವಯಸ್ಸಿನ ಸಹಜ ಬದಲಾವಣೆ. ಆದರೆ ಮೊದಲೇ ಹೇಳದಿದ್ದರೆ ಮೋಸ ಹೋದಂತೆ ಅನಿಸುತ್ತದೆ.

ಲೇಸರ್ ಆದರೂ ಕಣ್ಣುಗುಡ್ಡೆಯ ಉದ್ದ ಹಾಗೆಯೇ ಇರುತ್ತದೆ. ಹೆಚ್ಚು ಮೈನಸ್ ಇದ್ದವರಿಗೆ ಅಕ್ಷಿಪಟಲ ಹರಿಯುವ, ಕಳಚುವ ಸಂಭವ ಕನ್ನಡಕ ಹೋದ ಮೇಲೂ ಉಳಿದಿರುತ್ತದೆ. ಒಮ್ಮೆಲೇ ಕಪ್ಪು ಚುಕ್ಕಿಗಳು, ಮಿಂಚು, ಪರದೆ ಬಿದ್ದಂತೆ ಕಂಡರೆ ಅದೇ ದಿನ ತಜ್ಞರ ಬಳಿ ಹೋಗಬೇಕು.

ರಜೆ, ಮದುವೆ ಮತ್ತು ದಿನಾಂಕ

ಈ ಚಿಕಿತ್ಸೆಗೆ ನಮ್ಮ ಮೂರು ತಾಲೂಕಿನವರು ಹೆಚ್ಚಾಗಿ ಉಡುಪಿ, ಮಣಿಪಾಲ, ಮಂಗಳೂರು ಅಥವಾ ಹುಬ್ಬಳ್ಳಿಗೆ ಹೋಗುತ್ತಾರೆ. ಮರುದಿನ, ಒಂದು ವಾರಕ್ಕೆ, ಒಂದು ತಿಂಗಳಿಗೆ, ಮೂರು ತಿಂಗಳಿಗೆ ಮತ್ತೆ ತೋರಿಸಬೇಕು. ದೂರದ ಊರಿನವರಾದ ನಮಗೆ ಈ ಮರುಭೇಟಿಗಳೇ ಕಷ್ಟ, ತಪ್ಪಿಹೋಗುವುದೂ ಇವೇ.

ರಜೆಯ ಕೊನೆಯ ವಾರದಲ್ಲಿ ಲೇಸರ್ ಮಾಡಿಸಿ ವಿಮಾನ ಹತ್ತುವುದು ಒಳ್ಳೆಯದಲ್ಲ. ನನ್ನಲ್ಲಿಗೆ ಬರುವ ಯುವಕರೊಬ್ಬರು ಹಾಗೆ ಹೋಗಿ, ಅಲ್ಲಿ ಕಣ್ಣು ಕೆಂಪಾದಾಗ ಯಾರಿಗೆ ತೋರಿಸಬೇಕೆಂದು ತಿಳಿಯದೆ, ಊರಿನಿಂದ ಒಯ್ದ ಸ್ಟೀರಾಯ್ಡ್ ಹನಿಯನ್ನೇ ಎರಡು ತಿಂಗಳು ಹಾಕಿಕೊಂಡರು. ಸ್ಟೀರಾಯ್ಡ್ ಹನಿ ಹೆಚ್ಚು ದಿನ ಹಾಕಿದರೆ ಕೆಲವರಿಗೆ ಕಣ್ಣಿನ ಒತ್ತಡ ಏರುತ್ತದೆ, ನರಕ್ಕೆ ಹಾನಿಯಾಗುತ್ತದೆ. ಅವರಿಗೆ ಒತ್ತಡ ಏರಿತ್ತು. ಅಲ್ಲಾಹನ ಕೃಪೆಯಿಂದ ನಷ್ಟವಾಗುವ ಮೊದಲೇ ಗೊತ್ತಾಯಿತು. ರಜೆಯ ಮೊದಲ ವಾರದಲ್ಲೇ ತಪಾಸಣೆ ಮಾಡಿಸಿ, ಸರಿಯಿದ್ದರೆ ಎರಡನೇ ವಾರದಲ್ಲಿ ಚಿಕಿತ್ಸೆ, ನಂತರ ಕನಿಷ್ಠ ಎರಡು ವಾರ ಊರಿನಲ್ಲಿ ಇರುವುದು ವಾಸಿ. ಒಂದು ತಿಂಗಳ ಮತ್ತು ಮೂರು ತಿಂಗಳ ತಪಾಸಣೆಯನ್ನು ಗಲ್ಫಿನಲ್ಲಿ ಯಾರ ಬಳಿ ಮಾಡಿಸುವುದು ಎಂದು ಹೊರಡುವ ಮೊದಲೇ ಗೊತ್ತು ಮಾಡಿಕೊಳ್ಳಿ, ಕಾಗದಪತ್ರ ಜೊತೆಗಿರಲಿ.

ಮದುವೆಯ ವಿಷಯದಲ್ಲಿ ಹುಡುಗಿಯರ ತಂದೆ ತಾಯಂದಿರಿಗೆ ಒಂದು ವಿನಂತಿ. ಮದುವೆಗೆ ಹದಿನೈದು ದಿನ ಇರುವಾಗ ಲೇಸರ್ ಬೇಡ. ಮುಖಕ್ಕೆ ಮೇಕಪ್, ಕಣ್ಣಿಗೆ ಕಾಡಿಗೆ, ಹೊಗೆ, ನಿದ್ದೆಗೇಡು ಯಾವುದೂ ಹೊಸ ಗಾಯಕ್ಕೆ ಹಿತವಲ್ಲ. ಕನಿಷ್ಠ ಎರಡು ಮೂರು ತಿಂಗಳ ಅಂತರವಿರಲಿ. ಅದಕ್ಕಿಂತ ಮುಖ್ಯ, ಮಾಡಿಸಿಕೊಳ್ಳಬೇಕೋ ಬೇಡವೋ ಎಂಬ ನಿರ್ಧಾರ ಆ ಹುಡುಗಿಯದೇ ಆಗಿರಲಿ. ಕಾರ್ನಿಯಾ ತೆಳುವಾಗಿದೆ, ಲೇಸರ್ ಬೇಡ ಎಂದು ತಜ್ಞರು ಹೇಳಿದ ಮೇಲೂ "ಬೇರೆ ಕಡೆ ಮಾಡುತ್ತಾರಂತೆ" ಎಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಮಗಳನ್ನು ಕರೆದೊಯ್ದ ಮನೆಯವರನ್ನು ನೋಡಿದ್ದೇನೆ. ಕನ್ನಡಕ ಹಾಕುವುದು ಕುಂದಲ್ಲ. ಕನ್ನಡಕ ನೋಡಿ ಬೇಡ ಎನ್ನುವ ಸಂಬಂಧಕ್ಕಾಗಿ ಮಗಳ ಕಣ್ಣನ್ನು ಅಪಾಯಕ್ಕೆ ಒಡ್ಡುವುದು ನ್ಯಾಯವಲ್ಲ.

ಮೊದಲ ತಿಂಗಳ ಎಚ್ಚರ

ಉಜ್ಜಬೇಡಿ: ಒಂದು ತಿಂಗಳು ಯಾವ ಕಾರಣಕ್ಕೂ ಕಣ್ಣು ಉಜ್ಜಬಾರದು. ಮೊದಲ ವಾರ ಮಲಗುವಾಗ ಆಸ್ಪತ್ರೆಯಲ್ಲಿ ಕೊಟ್ಟ ಪಾರದರ್ಶಕ ರಕ್ಷಾಕವಚ ಹಾಕಿಕೊಳ್ಳಿ. ಪುಟ್ಟ ಮಕ್ಕಳ ಕೈ ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ.

ಉಡುಪು: ತಲೆಯ ಮೇಲಿಂದ ಹಾಕುವ ಬಟ್ಟೆ ಕಣ್ಣಿಗೆ ಸವರುತ್ತದೆ. ಕೆಲವು ದಿನ ಮುಂದೆ ಗುಂಡಿ ಇರುವ ಉಡುಪು, ಬುರ್ಖಾ ಬಳಸಿ. ನಿಖಾಬ್ ಕಟ್ಟುವವರು ಅಂಚು ರೆಪ್ಪೆಗೆ ತಾಗದಂತೆ ಕಟ್ಟಿಕೊಳ್ಳಿ.

ವುಝೂ ಮತ್ತು ಸ್ನಾನ: ಮೊದಲ ವಾರ ಕಣ್ಣಿಗೆ ನಲ್ಲಿ ನೀರು, ಬಾವಿ ನೀರು ಹೋಗಬಾರದು. ವುಝೂದಲ್ಲಿ ಮುಖ ತೊಳೆಯಬೇಕೇ ಹೊರತು ಕಣ್ಣಿನ ಒಳಗೆ ನೀರು ಹಾಕಿಕೊಳ್ಳುವುದು ಕಡ್ಡಾಯವಲ್ಲ. ನೀರು ಎರಚದೆ, ಕಣ್ಣು ಮುಚ್ಚಿ, ಒದ್ದೆ ಕೈಯಿಂದ ಮೆಲ್ಲಗೆ ಮುಖ ತೊಳೆಯಬಹುದೇ ಎಂದು ನಿಮ್ಮ ತಜ್ಞರನ್ನು ಕೇಳಿ. ನೀರು ತಾಗಲೇಬಾರದು ಎಂದರೆ ಇರುವ ರಿಯಾಯಿತಿಯನ್ನು ಉಲಮಾಗಳಿಂದ ತಿಳಿದುಕೊಳ್ಳಿ. ತಲೆ ಸ್ನಾನಕ್ಕೆ ಹಿಂದಕ್ಕೆ ಬಾಗಿ, ಬೇರೆಯವರ ಸಹಾಯ ಪಡೆಯಿರಿ. ಸಮುದ್ರ, ಹೊಳೆ, ಕೆರೆಯ ಈಜು ಒಂದು ತಿಂಗಳು ಬೇಡ.

ರಮಝಾನ್: ಮೊದಲ ವಾರ ದಿನಕ್ಕೆ ಹಲವು ಬಾರಿ ಹನಿ ಹಾಕಬೇಕು. ಹನಿ ಹಾಕಿದರೆ ರೋಝಾ ಮುರಿಯುತ್ತದೆಯೇ ಎಂಬ ಸಂಶಯದಲ್ಲಿ ಮದ್ದು ಬಿಡುವವರಿದ್ದಾರೆ. ಉಲಮಾಗಳನ್ನು ಮೊದಲೇ ಕೇಳಿ, ಇಲ್ಲವೇ ಚಿಕಿತ್ಸೆಯನ್ನು ರಮಝಾನ್ ನಂತರ ಇಟ್ಟುಕೊಳ್ಳಿ. ಮದ್ದನ್ನು ಮಾತ್ರ ನಿಲ್ಲಿಸಬೇಡಿ.

ಸುರ್ಮಾ ಮತ್ತು ಮನೆಮದ್ದು: ಯುನಾನಿ ವೈದ್ಯನಾಗಿ ಇದನ್ನು ಒತ್ತಿ ಹೇಳುತ್ತೇನೆ. ಸುರ್ಮಾ, ಕಾಡಿಗೆ, ಗುಲಾಬಿ ನೀರು, ಜೇನು, ಎದೆಹಾಲು, ಈರುಳ್ಳಿ ರಸ ಯಾವುದನ್ನೂ ಕಣ್ಣಿಗೆ ಹಾಕಬೇಡಿ. ಅಂಗಡಿಯ ಗುಲಾಬಿ ನೀರು ಕಣ್ಣಿಗೆ ಹಾಕುವಷ್ಟು ಶುದ್ಧವಲ್ಲ. ಸುರ್ಮಾದ ಪುಡಿ ಫ್ಲಾಪಿನ ಅಂಚಿನಲ್ಲಿ ಸೇರಿಕೊಳ್ಳಬಹುದು. ಮಾರುಕಟ್ಟೆಯ ಹಲವು ಸುರ್ಮಾಗಳಲ್ಲಿ ಸೀಸ ಇರುವುದು ಪರೀಕ್ಷೆಗಳಲ್ಲಿ ಕಂಡಿದೆ. ಅದು ಮಕ್ಕಳಿಗಂತೂ ಯಾವಾಗಲೂ ಅಪಾಯ.

ಹೊರಗೆ: ಬೈಕಿನಲ್ಲಿ ಹೋಗುವಾಗ ಕನ್ನಡಕ ಅಥವಾ ಹೆಲ್ಮೆಟ್ಟಿನ ಗಾಜು ಇಳಿಸಿರಲಿ. ಬಿಸಿಲಿಗೆ ಕಪ್ಪು ಕನ್ನಡಕ, ಅದರಲ್ಲೂ ಪಿಆರ್‌ಕೆ ಆದವರು ತಿಂಗಳುಗಟ್ಟಲೆ ಹಾಕಬೇಕು.

ನೋವು ಇಳಿಯುವ ಬದಲು ಏರಿದರೆ, ಕಣ್ಣು ಹೆಚ್ಚು ಕೆಂಪಾದರೆ, ಕೀವು ಬಂದರೆ, ಚೆನ್ನಾಗಿ ಕಾಣುತ್ತಿದ್ದದ್ದು ಇದ್ದಕ್ಕಿದ್ದಂತೆ ಮಸುಕಾದರೆ ಮೆಡಿಕಲ್ ಅಂಗಡಿಗೆ ಹೋಗಬೇಡಿ, ನನ್ನಂಥವರ ಬಳಿಯೂ ಬರಬೇಡಿ. ಶಸ್ತ್ರಚಿಕಿತ್ಸೆ ಮಾಡಿದವರಿಗೆ ಫೋನ್ ಮಾಡಿ ಹೊರಡಿ. ದೂರವಾದರೆ ಹತ್ತಿರದ ಕಣ್ಣಿನ ತಜ್ಞರಿಗೆ ಅದೇ ದಿನ ತೋರಿಸಿ.

ಸಹಿ ಹಾಕುವ ಮುನ್ನ ಕೇಳಿ

ನನ್ನ ಕಾರ್ನಿಯಾದ ದಪ್ಪ ಎಷ್ಟು, ಲೇಸರ್ ನಂತರ ಎಷ್ಟು ಉಳಿಯುತ್ತದೆ? ನಕ್ಷೆಯಲ್ಲಿ ಆಕಾರ ಸರಿಯಿದೆಯೇ? ಕಣ್ಣೀರಿನ ಪರೀಕ್ಷೆ ಆಗಿದೆಯೇ? ನನಗೆ ಯಾವ ವಿಧಾನ, ಏಕೆ? ನಂಬರ್ ಉಳಿದರೆ ಮುಂದೇನು, ಅದರ ಖರ್ಚು ಯಾರದು? ಶಸ್ತ್ರಚಿಕಿತ್ಸೆ ಮಾಡುವವರು ಮತ್ತು ಮರುಭೇಟಿಯಲ್ಲಿ ನೋಡುವವರು ಒಬ್ಬರೇ ವೈದ್ಯರೇ? ಈ ಪ್ರಶ್ನೆಗಳಿಗೆ ಸಾವಧಾನವಾಗಿ ಉತ್ತರ ಸಿಗುವ ಕಡೆ ಮಾಡಿಸಿ. ತಪಾಸಣೆಯ ದಿನವೇ ಚಿಕಿತ್ಸೆ ಮಾಡಿಸದೆ, ಒಂದೆರಡು ದಿನ ಮನೆಯಲ್ಲಿ ಯೋಚಿಸಿ.

ಒಪ್ಪಿಗೆ ಪತ್ರವನ್ನು ಓದದೆ ಸಹಿ ಹಾಕಬೇಡಿ. ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲಿ ವಿವರಿಸಲು ಕೇಳಿ. ಚಿಕಿತ್ಸೆಯ ಸ್ವರೂಪ, ಲಾಭ, ಬದಲಿ ದಾರಿ ಮತ್ತು ಅಪಾಯವನ್ನು ರೋಗಿಗೆ ಸಾಕಷ್ಟು ತಿಳಿಸಿಯೇ ಒಪ್ಪಿಗೆ ಪಡೆಯಬೇಕು ಎಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಆರೋಗ್ಯ ವಿಮೆ ಇದ್ದವರು ಗಮನಿಸಿ: ಸಾಮಾನ್ಯ ಪಾಲಿಸಿಗಳಲ್ಲಿ 7.5ಕ್ಕಿಂತ ಕಡಿಮೆ ನಂಬರಿನ ದೃಷ್ಟಿದೋಷ ಸರಿಪಡಿಸುವ ಖರ್ಚು ಸೇರುವುದಿಲ್ಲ.

ಕೊನೆಯದಾಗಿ, ಲೇಸರ್ ಮೊದಲಿನ ನಂಬರ್, ಕಾರ್ನಿಯಾದ ದಪ್ಪ, ನಕ್ಷೆ, ಶಸ್ತ್ರಚಿಕಿತ್ಸೆಯ ವಿವರ ಇವುಗಳ ಪ್ರತಿಯನ್ನು ಜಮೀನಿನ ಕಾಗದದಂತೆ ಜೋಪಾನವಾಗಿ ಇಡಿ. ಮೂವತ್ತು ವರ್ಷದ ನಂತರ ಮೋತಿಬಿಂದು ಅಂದರೆ ಪೊರೆಯ ಶಸ್ತ್ರಚಿಕಿತ್ಸೆ ಬೇಕಾದಾಗ ಒಳಗೆ ಕೂಡಿಸುವ ಲೆನ್ಸಿನ ಲೆಕ್ಕಕ್ಕೆ ಇವು ಬಹಳ ಉಪಯೋಗ. ಲೇಸರ್ ಆದ ಕಣ್ಣಿನಲ್ಲಿ ಒತ್ತಡ ನಿಜವಾಗಿ ಇರುವುದಕ್ಕಿಂತ ಕಡಿಮೆ ತೋರುವುದರಿಂದ, ಮುಂದೆ ಯಾವ ಕಣ್ಣಿನ ವೈದ್ಯರ ಬಳಿ ಹೋದರೂ "ನನಗೆ ಲೇಸರ್ ಆಗಿದೆ" ಎಂದು ಮೊದಲೇ ಹೇಳಿ. ಇಲ್ಲದಿದ್ದರೆ ಗ್ಲಾಕೋಮಾ ಕಣ್ಣು ತಪ್ಪಿಸಬಹುದು.

ತಪಾಸಣೆಯಲ್ಲಿ ಎಲ್ಲ ಸರಿಯಿದ್ದು, ತಿಳಿದು ಒಪ್ಪಿ ಮಾಡಿಸಿಕೊಂಡರೆ ಲೇಸರ್ ಒಳ್ಳೆಯ ಚಿಕಿತ್ಸೆಯೇ. ತಪಾಸಣೆಯಲ್ಲಿ ಬೇಡ ಎಂದು ಬಂದರೆ ಬೇಸರ ಬೇಡ. ದಿನಾಂಕ ಗೊತ್ತು ಮಾಡುವುದು, ಮುಂಗಡ ಕಟ್ಟುವುದು, ಮನೆಯವರಿಗೆಲ್ಲ ಹೇಳುವುದು ಆಮೇಲೆ. ಕಾರ್ನಿಯಾದ ನಕ್ಷೆ ಮೊದಲು.